ಹನ್ನೊಂದು ಗಂಟೆ ಹತ್ತು ನಿಮಿಷ

ಬೀರು ಒಡೆದಿರಲಿಲ್ಲ. ನನ್ನ ತಲೆ ಕೆಡಿಸಿದ್ದೇ ಅದು. ಕೀಲಿ ಹೊಲಿಗೆ ಯಂತ್ರದ ಖಾನೆಯಲ್ಲಿ ತಣ್ಣಗೆ ಕೂತಿತ್ತು. ಮನೆಯೊಡತಿಯ ಅಮ್ಮನ ಕಾಲದ ನಾಲ್ಕು ಬಂಗಾರದ ಬಳೆ ಮಾತ್ರ ಮಾಯ.

ಮನೆಯೊಡತಿ ದರ್ಜಿ. ಸೊಂಟ ಮುರಿದುಕೊಂಡು ಐದು ತಿಂಗಳಿಂದ ಹಾಸಿಗೆಯಲ್ಲಿದ್ದಳು. ಆಸ್ಪತ್ರೆಗೆ ಹೋಗಿ ಸಂಜೆ ಆರಕ್ಕೆ ಮರಳಿದಾಗ ಕಳವು ಗೊತ್ತಾಯಿತು. ಪರದೇಶದಲ್ಲಿ ವೆಲ್ಡರ್ ಆಗಿದ್ದ ತಮ್ಮನಿಗೆ ಫೋನ್ ಮಾಡಿ ಅತ್ತಳಂತೆ. ಆಮೇಲೆ ಠಾಣೆಗೆ ಹೇಳಿದಳು. ಆಕೆಗೆ ಇದ್ದವನು ಅವನೊಬ್ಬನೇ, ಅದೂ ಭಾನುವಾರದ ಫೋನಿನಲ್ಲಿ.

ಕೀಲಿಯ ಜಾಗ ಆಕೆಯನ್ನು ನೋಡಿಕೊಳ್ಳುತ್ತಿದ್ದ ದಾದಿಗೂ ಗೊತ್ತಿತ್ತು. ಆಸ್ಪತ್ರೆಯಲ್ಲಿ ಆಕೆಯನ್ನು ಸ್ಕ್ಯಾನ್‌ಗೆ ಬಿಟ್ಟು ದಾದಿ ಎರಡು ಗಂಟೆ ನಾಪತ್ತೆಯಾಗಿದ್ದಳು. ಇನ್ನೇನು ಬೇಕು ಎಂದ ನಮ್ಮ ಪೇದೆ.

"ಮೂರು ದಿನದಿಂದ ನಿದ್ದೆ ಇರಲಿಲ್ಲ ಮೇಡಂ. ಪಾರ್ಕಿನ ಬೆಂಚಲ್ಲಿ ಮಲಗಿಬಿಟ್ಟೆ. ಅಕ್ಕಂಗೆ ಹೇಳ್ಬೇಡಿ, ಕೆಲಸ ಹೋಗುತ್ತೆ," ಎಂದಳು ದಾದಿ.

ನನಗೆ ನಂಬಬೇಕೆನಿಸಿತು. ಆದರೆ ಬೆಂಚು ಸಾಕ್ಷಿ ಹೇಳುವುದಿಲ್ಲ. ಒಮ್ಮೆ ಕಳ್ಳಿ ಎಂದು ಬರೆದರೆ ಯಾವ ಮನೆಯವರೂ ಅವಳನ್ನು ಒಳಗೆ ಸೇರಿಸುವುದಿಲ್ಲ.

* * *

ಮರುದಿನ ಬೆಳಿಗ್ಗೆ ಏಳೂವರೆಗೆ ತಮ್ಮ ಬಂದ. ಕೈಯಲ್ಲಿ ಚೀಲ, ಕಣ್ಣು ಕೆಂಪು. ಅಕ್ಕ ಅವನ ಕೈ ಹಿಡಿದವಳು ಬಿಡಲೇ ಇಲ್ಲ. ನನಗೆ ಹೊಟ್ಟೆ ಉರಿಯಿತು, ಸುಳ್ಳು ಯಾಕೆ ಹೇಳಲಿ? ನನಗಾಗಿ ಹಾಗೆ ಓಡಿ ಬರುವವರು ಯಾರೂ ಇಲ್ಲ.

"ಒಂಬತ್ತು ಸಾವಿರ ಕಿಲೋಮೀಟರ್ ಮೇಡಂ. ಹನ್ನೊಂದು ಗಂಟೆ ಹತ್ತು ನಿಮಿಷ. ಎಲ್ಲೂ ಇಳಿಯದೆ ನೇರ ಬಂದೆ."

ದಾದಿಯನ್ನು ಗಟ್ಟಿಯಾಗಿ ವಿಚಾರಿಸಿ ಎಂದೂ ಸೇರಿಸಿದ.

ಅಷ್ಟು ದೂರದಿಂದ ಬಂದವರು ಬೆನ್ನು ಹಿಡಿಯಿತು, ಕಾಲು ಊದಿತು ಎನ್ನುತ್ತಾರೆ. ಇವನು ನಿಮಿಷ ಹೇಳಿದ್ದ.

* * *

ವಿಮಾನದ ಟಿಕೆಟ್ ಮಾರುವವನು ನಕ್ಕ. ಆ ಊರಿನಿಂದ ಇಲ್ಲಿಗೆ ನೇರ ವಿಮಾನವೇ ಇಲ್ಲವಂತೆ. ನಡುವೆ ಇಳಿದು, ಕಾದು, ಇನ್ನೊಂದು ಹತ್ತಬೇಕು. ಎಷ್ಟು ಓಡಿದರೂ ಹತ್ತೊಂಬತ್ತು ಗಂಟೆ. ಕಂಪ್ಯೂಟರಿನಲ್ಲಿ ಎರಡೂ ಊರಿನ ಹೆಸರು ಒತ್ತಿ ನನ್ನ ಕಡೆ ತಿರುಗಿಸಿದ. ಹನ್ನೊಂದು ಗಂಟೆ ಹತ್ತು ನಿಮಿಷ.

"ಇದು ನಕ್ಷೆ ಮೇಲೆ ದಾರ ಎಳೆದು, ವಿಮಾನದ ವೇಗದಿಂದ ಭಾಗಿಸಿದ ಲೆಕ್ಕ ಮೇಡಂ. ಹೀಗೆ ಯಾರೂ ಬರಲ್ಲ."

* * *

ದಾದಿಯನ್ನೂ ಕರೆದುಕೊಂಡು ಮತ್ತೆ ಮನೆಯೊಡತಿಯ ಕೋಣೆಗೆ ಹೋದೆ. ಪಾಸ್‌ಪೋರ್ಟ್ ಕೇಳಿದೆ. ತಮ್ಮ ಹುಡುಕುವ ನಾಟಕ ಮಾಡಿದ. ನಾನೇ ಚೀಲ ತೆರೆದೆ. ಈ ದೇಶಕ್ಕೆ ಬಂದಿಳಿದ ಮುದ್ರೆ ನಾಲ್ಕು ತಿಂಗಳು ಹಳೆಯದು. ಕಾಲುಚೀಲದೊಳಗೆ ನಾಲ್ಕು ಬಳೆ.

"ಆರು ಗಂಟೆಗೆ ಫೋನ್, ಏಳೂವರೆಗೆ ನೀವಿಲ್ಲಿ. ಹದಿಮೂರೂವರೆ ಗಂಟೆ," ಎಂದೆ. "ಎಂಥಾ ವಿಮಾನ ಹತ್ತಿದ್ರೂ ಆಗಲ್ಲ. ಎಲ್ಲಿದ್ರಿ?"

ಕೆಲಸ ಹೋಗಿತ್ತಂತೆ. ಮೂರು ಬೀದಿ ಆಚೆ ಲಾಡ್ಜಿನಲ್ಲಿ ಕೋಣೆ ಹಿಡಿದಿದ್ದ. ಬಾಗಿಲಿನ ಇನ್ನೊಂದು ಕೀಲಿ ಅವನ ಬಳಿಯೇ ಇತ್ತು, ಬೀರುವಿನ ಕೀಲಿಯ ಜಾಗ ಚಿಕ್ಕಂದಿನಿಂದ ಗೊತ್ತು, ಆಸ್ಪತ್ರೆಗೆ ಹೋಗುವ ದಿನವನ್ನು ಅಕ್ಕನೇ ಫೋನಿನಲ್ಲಿ ಹೇಳಿದ್ದಳು. ಕದ್ದಮೇಲೆ ಬರುವ ಯೋಚನೆಯೇ ಇರಲಿಲ್ಲ. ಅಕ್ಕ ಅತ್ತದ್ದು ಕೇಳಿ ತಡೆಯಲಾಗಲಿಲ್ಲ. ವಿಮಾನದ ಹೊತ್ತು ನೋಡಿ, ಅಷ್ಟು ಹೊತ್ತು ಲಾಡ್ಜಿನಲ್ಲೇ ಕೂತು ಕಳೆದು ಬಂದಿದ್ದ.

ಅಕ್ಕ ಬಳೆಗಳ ಕಡೆ ನೋಡಲೂ ಇಲ್ಲ. ಏಳಲು ಹೊರಟಳು, ದಾದಿ ಹಿಡಿದು ಕೂರಿಸಿದಳು.

"ನಾಲ್ಕು ತಿಂಗಳು ಮೂರು ಬೀದಿ ಆಚೇನೇ ಇದ್ಯಾ? ಪ್ರತಿ ಭಾನುವಾರ ಅಲ್ಲಿ ಚಳಿ ಹೇಗಿದೆ ಅಂತ ಕೇಳ್ತಿದ್ನಲ್ಲೋ."