ಪರದೆ ತೆಗೆದಿಡು

"ನಾನು ಯಾವಾಗ ಹಿಂತೆಗೆದುಕೊಂಡೆ, ಏಮಸ್?"

ಟಿಲ್ಡಾ ವರದಿಯ ಹಾಳೆಯನ್ನು ಅವನ ಮೇಜಿನ ಮೇಲೆ ಎಸೆದಳು. 'ಬರೆದವರೇ ಈ ಜಾಹೀರಾತನ್ನು ಹಿಂತೆಗೆದುಕೊಂಡಿದ್ದಾರೆ' ಎಂಬ ಸಾಲಿನ ಕೆಳಗೆ ಅವನ ಸಹಿ!

ಅಮೆರಿಕದ ಮಿಲ್ವಾಕಿ ನಗರದಲ್ಲಿ ಲೊರೇನ್ ಮೇಡಂ ನಡೆಸುವ ಜಾಹೀರಾತು ಕಂಪನಿಯಲ್ಲಿ ಬರೆಯುವವಳು ಅವಳು. ಬರೆದದ್ದು ಜನರ ಮನಸ್ಸಿಗೆ ನಾಟುತ್ತದೆಯೇ ಎಂದು ನೋಡುವವನು ಅವನು. ಪ್ರತಿ ಜಾಹೀರಾತನ್ನೂ ಮೊದಲು ಎಂಟು ಮಂದಿ ಅಪರಿಚಿತರಿಗೆ ತೋರಿಸುತ್ತಿದ್ದರು. ಅವರಿಗೆ ಕಾಣದಂತೆ ಗಾಜಿನ ಹಿಂದೆ ಕುಳಿತು, ಯಾರ ಮುಖ ಯಾವಾಗ ಬದಲಾಯಿತೆಂದು ಏಮಸ್ ಗುರುತು ಹಾಕಿಕೊಳ್ಳುತ್ತಿದ್ದ. ಆದರೆ ದೀಪದ ಬುಡದಲ್ಲೇ ಕತ್ತಲು... ವರ್ಷದಿಂದ ಪಕ್ಕದಲ್ಲೇ ಕಾಫಿ ಕುಡಿಯುವವಳ ಮನಸ್ಸು ಈ ಮಹಾಶಯನಿಗೆ ತಿಳಿದಿರಲಿಲ್ಲ!

ಈ ಸಲದ್ದು, ಸಾವಿನಂಚಿನಲ್ಲಿರುವವರನ್ನು ನೋಡಿಕೊಳ್ಳುವ ಒಂದು ಆರೈಕೆ ಮನೆಯ ಜಾಹೀರಾತು. ಟಿಲ್ಡಾಳ ಅಮ್ಮ ಕೊನೆಯ ದಿನಗಳನ್ನು ಕಳೆದದ್ದು ಅಲ್ಲೇ. ಅವಳ ಮಾತನ್ನೇ ಟಿಲ್ಡಾ ಬರೆದಿದ್ದಳು. "ಪರದೆ ತೆಗೆದಿಡು. ನೀನು ಕಾರು ನಿಲ್ಲಿಸೋದು ನಂಗೆ ಕಾಣ್ಬೇಕು."

ಅಮ್ಮಾ, ನಿನ್ನ ಮಾತನ್ನು ಇವನೇ ತಳ್ಳಿಹಾಕಿದನಲ್ಲ...

"ಅಷ್ಟು ಕೆಟ್ಟದಾಗಿತ್ತಾ? ಮುಖಕ್ಕೆ ಹೇಳೋ ಧೈರ್ಯ ಇರ್ಲಿಲ್ವಾ?"

ಏಮಸ್ ತಲೆ ತಗ್ಗಿಸಿದ. "ಎಂಟು ಜನರಲ್ಲಿ ಏಳು ಜನ ಅತ್ರು, ಟಿಲ್ಡಾ."

"ಮತ್ತೆ?"

"ಪಕ್ಕದಲ್ಲಿ ಲೊರೇನ್ ಮೇಡಂ ಇದ್ರು. ಜನ ಅಳೋದು ನೋಡಿ ಚಪ್ಪಾಳೆ ತಟ್ಟಿದ್ರು! 'ಇದು ಅವಳ ತಾಯಿ ಮಾತೇ ಇರ್ಬೇಕು, ಫೋಟೋನೂ ಹಾಕೋಣ, ಇನ್ನೂ ಚೆನ್ನಾಗಿ ಓಡುತ್ತೆ' ಅಂದ್ರು. ನಂಗೆ ತಡೆಯೋಕಾಗ್ಲಿಲ್ಲ. ನಾವೆಲ್ಲ ಸಹಿ ಹಾಕಿ ಕೊಟ್ಟ ಸಾಂತ್ವನದ ಕಾರ್ಡನ್ನೇ ನೀನಿನ್ನೂ ಲಕೋಟೆಯಿಂದ ತೆಗೆದಿಲ್ಲ, ಆ ಫೋಟೋ ಹೇಗೆ ನೋಡ್ತೀಯ? ಅದಕ್ಕೇ ಹಾಗೆ ಬರೆದ್ಬಿಟ್ಟೆ..."

ಇದನ್ನೂ ನೋಡಿದ್ದಾನೆ! ಆದರೂ ಟಿಲ್ಡಾಳ ಸಿಟ್ಟು ಇಳಿಯಲಿಲ್ಲ.

"ಅದಕ್ಕೆ ನನ್ನ ಹೆಸರಲ್ಲಿ ನೀನೇ ತೀರ್ಮಾನ ಮಾಡಿದ್ಯಾ? ಆಸ್ಪತ್ರೇಲೂ ಹೀಗೇ... ಅಮ್ಮನ್ನ ಒಂದು ಮಾತೂ ಕೇಳದೆ ಎಲ್ಲಾ ಅವರೇ ತೀರ್ಮಾನ ಮಾಡಿದ್ರು. ಆ ಆರೈಕೆ ಮನೇಲಿ ಮಾತ್ರ 'ನಿಮಗೇನು ಬೇಕು?' ಅಂತ ಕೇಳಿದ್ರು. ಅಮ್ಮ ಕಿಟಕಿ ಪಕ್ಕದ ಹಾಸಿಗೆ ಕೇಳಿದ್ಲು. ಅದಕ್ಕೇ ನಾನು ಬರೆದದ್ದು, ಏಮಸ್!"

ಅವನ ಮುಖ ಬಿಳಿಚಿಕೊಂಡಿತು. "ನಿನ್ನನ್ನ ಕೇಳ್ಬೇಕಿತ್ತು. ತಪ್ಪಾಯ್ತು."

ಅವಳು ಹಾಳೆ ತೆಗೆದುಕೊಂಡು ನೇರ ಲೊರೇನ್ ಅವರ ಕೋಣೆಗೆ ನಡೆದಳು. ಏಮಸ್ ಹಿಂದೆಯೇ ಬಂದು, ಆ ಸುಳ್ಳು ತನ್ನದೆಂದು ತಾನೇ ಮೊದಲು ಒಪ್ಪಿಕೊಂಡ.

"ಅಮ್ಮನ ಮಾತು ಇರ್ಲಿ, ಮೇಡಂ. ಫೋಟೋ ಬೇಡ," ಎಂದಳು ಟಿಲ್ಡಾ. "ಇಲ್ಲಾಂದ್ರೆ ಎರಡೂ ಇಲ್ಲ."

ಲೊರೇನ್ ಮುಖ ಗಂಟು ಹಾಕಿಕೊಂಡೇ ಒಪ್ಪಿದರು. ಏಮಸ್‌ಗೆ ಎಚ್ಚರಿಕೆಯ ಪತ್ರ ಸಿಕ್ಕಿತು.

ಸಂಜೆ ಅವಳು ಕಾರಿನ ಗಾಜಿನ ಮೇಲಿನ ಹಿಮ ಕೆರೆಯುತ್ತಿದ್ದಾಗ ಅವನು ಬಂದು ನಿಂತ.

"ಒಂದು ಕೇಳ್ಲಾ?"

"ಅಬ್ಬಾ, ಕೇಳೋದು ಕಲಿತ್ಯಾ!"

"ನಿನ್ನನ್ನ ಪ್ರೀತಿಸ್ತೀನಿ, ಟಿಲ್ಡಾ. ಅಷ್ಟು ಮಾತ್ರ ನನ್ನ ತೀರ್ಮಾನ. ಮುಂದಿನದು... ನಿಂಗೇನು ಬೇಕು?"

ಅಮ್ಮ ಹೋದ ಮೇಲೆ ಅವಳನ್ನು ಯಾರೂ ಹಾಗೆ ಕೇಳಿರಲಿಲ್ಲ. ಇಷ್ಟು ದಿನ ತಡೆದಿದ್ದ ಕಣ್ಣೀರು ಒಮ್ಮೆಲೇ ಬಂತು. ಅವನು ಅವಳ ಉತ್ತರಕ್ಕಾಗಿ ಕಾದ.

"ಇವತ್ತು ಶುಕ್ರವಾರ," ಎಂದಳು ಕಣ್ಣೊರೆಸಿಕೊಂಡು. "ಊರೆಲ್ಲ ಮೀನು ತಿನ್ನೋ ದಿನ. ಕರಿದ ಮೀನು ಬೇಕು. ಕಿಟಕಿ ಪಕ್ಕದ ಮೇಜು ಬೇಕು. ನೀನೂ... ಬೇಕು."

"ನಾನು ಮೊದಲೇ ಹೋಟೆಲಿಗೆ ಹೋಗಿ ಮೇಜು ಹಿಡಿದಿರ್ತೀನಿ. ಪರದೆ?"

"ತೆಗೆದಿಡು. ನಾನು ಕಾರು ನಿಲ್ಲಿಸೋದು ನಿಂಗೆ ಕಾಣ್ಬೇಕು."