ಮೂರನೆಯ ಚಾವಿ

ಮಾರ್ಚ್ 11, ಮಂಗಳವಾರ. ಬೆಳಿಗ್ಗೆ 10.20ಕ್ಕೆ ಪ್ರಿಯಂವದಾ ಹಾನಗಲ್ ಠಾಣೆಯ ಮೆಟ್ಟಿಲು ಹತ್ತಿದಾಗ ಪಿಎಸ್‌ಐ ಶಂಭುಲಿಂಗನಿಗೆ ಗುರುತು ಹತ್ತಿತು. ಹದಿನೈದು ದಿನದ ಹಿಂದೆ ಇದೇ ಹೆಣ್ಣುಮಗಳು ಇದೇ ಕುರ್ಚಿಯಲ್ಲಿ ಕುಳಿತು, ತಾನು ಕೊಂಡ ಸೆಕೆಂಡ್ ಹ್ಯಾಂಡ್ ಕಾರನ್ನು ಯಾರೋ ಎಲ್ಲೋ ಕುಳಿತು ಬಂದ್ ಮಾಡುತ್ತಿದ್ದಾರೆ ಎಂದಿದ್ದಳು. ಆತ ಪೂರಾ ಕೇಳಿಸಿಕೊಳ್ಳದೆ, ಇದು ಕಂಪನಿಯ ಜೊತೆಗಿನ ತಕರಾರು, ಗ್ರಾಹಕರ ಆಯೋಗಕ್ಕೆ ಹೋಗಿ ಎಂದು ಹಿಂಬರಹ ಕೊಟ್ಟು ಸಾಗಹಾಕಿದ್ದ. ಒಂದು ಕೇಸು ತಪ್ಪಿದ ಖುಷಿಗೆ ಚಹಾ ಬೇರೆ ತರಿಸಿದ್ದ.

"ನಿನ್ನೆ ಮತ್ತ ನಿಂತತ್ರಿ," ಅಂದಳು. "ಅವ್ವನ ಡಯಾಲಿಸಿಸ್ಸಿಗೆ ಹಾನಗಲ್ಲಿಂದ ಹಿರೇಕೆರೂರಿಗೆ ಹೊಂಟಿದ್ವಿ. ಕಾಲು ಚಾಚ್ಲಿ ಅಂತ ತಿಳವಳ್ಳಿಯೊಳಗ ನಿಲ್ಲಿಸಿದೆ. ಆಮ್ಯಾಲೆ ಚಾಲೂನ ಆಗ್ಲಿಲ್ಲ. ಬ್ಯಾರೆ ಗಾಡಿ ಸಿಗೂದ್ರಾಗ ಪಾಳಿ ತಪ್ತು. ರಾತ್ರಿಯಿಂದ ಇಲ್ಲೇ ದವಾಖಾನಿ ಐಸಿಯುದಾಗ ಇಟ್ಟಾರ್ರಿ."

ಹೆಡ್ ಕಾನ್‌ಸ್ಟೆಬಲ್ ದಾನವ್ವ ಸಾಹೇಬನ ಮುಖ ನೋಡಿದಳು. "ಸರ್, ಈ ಸಲನಾದ್ರೂ ಬರಕೊಳ್ಳೂಣೇನ್ರಿ?"

ಶಂಭುಲಿಂಗ ತಾನೇ ದೂರಿನ ಹಾಳೆ ಎಳೆದುಕೊಂಡ. 10.50ಕ್ಕೆ ಎಫ್‌ಐಆರ್ ದಾಖಲಾಯಿತು.

ಮಧ್ಯಾಹ್ನ 12.30ಕ್ಕೆ ತಿಳವಳ್ಳಿಯಲ್ಲಿ ಇಬ್ಬರು ಪಂಚರ ಸಮಕ್ಷಮ ಕಾರಿನ ಪಂಚನಾಮೆ ನಡೆಯಿತು. ಚಾವಿ ತಿರುವಿದರೆ ಎಂಜಿನ್ ಮಾತಾಡಲಿಲ್ಲ. ಪರದೆಯ ಮೇಲೆ 'ಮಾಲೀಕರ ಆದೇಶದಂತೆ ನಿಲ್ಲಿಸಲಾಗಿದೆ' ಎಂಬ ಅಕ್ಷರ ಮೂಡಿತು. ಮಾಲೀಕಳು ಪಕ್ಕದಲ್ಲೇ ನಿಂತಿದ್ದಳು. ಹಿಂದಿನ ಸೀಟಿನಲ್ಲಿ ತಾಯಿ ತುಳಸಾಬಾಯಿಯ ಆಸ್ಪತ್ರೆ ಚೀಲ, ತೊಳೆದು ಮಡಿಸಿದ ಸೀರೆ ಇದ್ದವು. ಅವನ್ನು ಪಂಚನಾಮೆಯಲ್ಲಿ ಬರೆಸುವಾಗ ಶಂಭುಲಿಂಗನ ದನಿ ಇಳಿಯಿತು.

ಕಾರು ಎಲ್ಲಿದೆಯೆಂದು ಫೋನಿನಲ್ಲೇ ನೋಡುವ, ದೂರದಿಂದಲೇ ಅದನ್ನು ನಿಲ್ಲಿಸುವ ಸೇವೆಯನ್ನು ತನ್ನ ಹೆಸರಿಗೆ ಮಾಡಿಕೊಡಿ ಎಂದು ಪ್ರಿಯಂವದಾ ಕಾರು ಕಂಪನಿಗೆ ಐದು ಸಲ ಬರೆದಿದ್ದಳು. ಐದೂ ಸಲ ಒಂದೇ ಉತ್ತರ: ಈ ಸೇವೆಗೆ ನೋಂದಾಯಿತ ಗ್ರಾಹಕರು ನೀವಲ್ಲ, ಮೊದಲಿನವರ ಒಪ್ಪಿಗೆ ತನ್ನಿ. ಮೊದಲಿನವರು ಫೋನೇ ಎತ್ತುತ್ತಿರಲಿಲ್ಲ. ಆರ್‌ಸಿ ಅವಳ ಹೆಸರಿನಲ್ಲಿ, ವಿಮೆ ಅವಳ ಹೆಸರಿನಲ್ಲಿ. ದೇವರು ವರ ಕೊಟ್ಟರೂ ಪೂಜಾರಿ ಕೊಡಲೊಲ್ಲ.

ಸಂಜೆ ಸವಣೂರಿನಲ್ಲಿ ಗಾಡಿ ದಲ್ಲಾಳಿ ಫಕ್ರುಸಾಬನ ವಿಚಾರಣೆ ನಡೆಯಿತು.

"ಕೊಡುವಾಗ ಏನೇನು ಕೊಟ್ಟಿ?"

"ಎರಡು ಚಾವಿ, ಸ್ಟೆಪ್ನಿ, ಜಾಕಿ ಎಣಿಸಿ ಕೊಟ್ಟೇನ್ರಿ. ಗಾಲಿಗೆ ನಿಂಬಿಹಣ್ಣೂ ನಾನ ಇಟ್ಟೇನಿ."

"ಹಳೇ ಮಾಲೀಕನ ಫೋನಿಂದ ಆ್ಯಪ್ ತೆಗೆಸಿದ್ಯೇನು?"

"ಫೋನಿನಾಗ ಮೂರನೇ ಚಾವಿ ಐತಂತ ನನಗೇನು ಗೊತ್ತರಿ ಸಾಹೇಬ್ರ?"

ನೋಟಿಸಿಗೆ ಕಂಪನಿಯ ಉತ್ತರ 13ರಂದು ಬಂತು. ಪ್ರಿಯಂವದಾಳಿಗೆ ಕೊಡದ ಮಾಹಿತಿಯನ್ನು ಪೊಲೀಸರಿಗೆ ಎರಡೇ ದಿನದಲ್ಲಿ ಕೊಟ್ಟಿದ್ದರು. ಕಾರು ನಿಲ್ಲಿಸುವ ಆದೇಶ ಹೋದ ನಂಬರು ಮೊದಲಿನ ಮಾಲೀಕ, ಶಿಗ್ಗಾಂವಿ ತಾಲ್ಲೂಕು ಬಂಕಾಪುರದ ಬಸವಣ್ಣೆಪ್ಪನದು. ಮೂರು ಸಲ ಆದೇಶ ಹೋಗಿತ್ತು, ಮೂರೂ ಸಲ ಕಾರು ಹಿರೇಕೆರೂರಿನ ದಾರಿಯಲ್ಲಿತ್ತು. ಹುಬ್ಬಳ್ಳಿಗೆ ಹೋದಾಗ ಒಮ್ಮೆಯೂ ತಡೆದಿರಲಿಲ್ಲ.

14ರಂದು ಸಂಜೆ 4.15ಕ್ಕೆ ಬಂಕಾಪುರ. ಬಸವಣ್ಣೆಪ್ಪ ಅರವತ್ತರ ಮರ್ಯಾದಸ್ಥ. ಬಂದವರಿಗೆ ಮೊದಲು ನೀರು ಕೊಡಿಸಿದ.

"ಈ ಫೋನು ನಿಮ್ದ?"

"ಹೌದ್ರಿ."

"ಗಾಡಿ ಮಾರಿ ಆರು ತಿಂಗಳಾತು. ಯಾಕ ಬಂದ್ ಮಾಡಿದ್ರಿ?"

ಆತ ಒಳಮನೆಯ ಬಾಗಿಲು ಮುಂದೆ ಮಾಡಿ ಬಂದ. "ಮಗನ ಮದವಿಯೊಳಗ ಬೀಗರು ಕೊಟ್ಟ ಗಾಡ್ರಿ ಅದು. ಅಡಚಣಿ ಬಂತು, ಮಾರಿದೆ. ಅವರ ಅಂಗಡಿ ಹಿರೇಕೆರೂರಾಗ, ದವಾಖಾನಿ ಹಾದ್ಯಾಗ ಐತಿ. ಬ್ಯಾರೇದವ್ರು ಓಡಸೂದು ಅವರ ಕಣ್ಣಿಗೆ ಬಿದ್ರ ನಾ ಮುಖ ಎಲ್ಲಿ ಇಟಗೊಳ್ಳಿ? ಗಾಡಿ ಗ್ಯಾರೇಜಿನಾಗೈತಿ ಅಂತ ಹೇಳೇನಿ."

"ಆರು ತಿಂಗಳಿಂದ?" ದಾನವ್ವ ಕೇಳಿದಳು. "ಮೊನ್ನೆ ಆ ಗಾಡ್ಯಾಗ ಡಯಾಲಿಸಿಸ್ಸಿಗೆ ಹೊಂಟಿದ್ದ ಅವ್ವಾರು ಪಾಳಿ ತಪ್ಪಿ ಐಸಿಯು ಸೇರ್ಯಾರ."

ಬಸವಣ್ಣೆಪ್ಪ ನೆಲ ನೋಡಿದ. "ಗಾಡ್ಯಾಗ ಯಾರದಾರ ಅಂತ ಫೋನ್ ತೋರಸೂದಿಲ್ರಿ. ಎಲ್ಲೈತಿ ಅಂತಷ್ಟ ತೋರಸ್ತೈತಿ."

ಬಂಧನದ ವಿಷಯವನ್ನು ಸಂಬಂಧಿಕರಿಗೆ ತಿಳಿಸಬೇಕಿತ್ತು. ಯಾರಿಗೆ ಎಂದು ಶಂಭುಲಿಂಗ ಕೇಳಿದ.

"ಯಾರಿಗೂ ಬ್ಯಾಡ್ರಿ. ಬೀಗರಿಗಂತೂ ಬ್ಯಾಡ್ರಿ, ಕೈ ಮುಗೀತೇನಿ."

ಮುಂದೆ ಮಾಡಿದ್ದ ಬಾಗಿಲು ತೆರೆದು ಸೊಸೆ ನೀಲಾಂಬಿಕಾ ಹೊರಬಂದಳು. "ಮಾವಾರ, ಅಪ್ಪಗ ಗೊತ್ತೈತಿ. ಮಾರಿದ ವಾರದಾಗ ನಾನ ಹೇಳೇನಿ. ನಿಮಗ ನಾಚಿಕಿ ಆಗಬಾರ್ದಂತ ಅವರು ಗ್ಯಾರೇಜಿನ ಮಾತು ಕೇಳಿ ಸುಮ್ನ ಕುಂತಾರ."

ಬಸವಣ್ಣೆಪ್ಪ ಟವೆಲಿನಿಂದ ಮುಖ ಮುಚ್ಚಿಕೊಂಡ. ಬಂಧನದ ಸಮಯ 5.10 ಎಂದು ದಾಖಲಾಯಿತು.

ಜೀಪು ಹೆದ್ದಾರಿಗೆ ಇಳಿದ ಮೇಲೆ ಆತ ಕೇಳಿದ: "ಆ ಅವ್ವಾರು ಈಗ ಹೆಂಗದಾರ್ರಿ?"

ಶಂಭುಲಿಂಗ ದಾನವ್ವನತ್ತ ತಿರುಗಿದ. ನಾಲ್ಕು ದಿನ ಪಂಚನಾಮೆ, ನೋಟಿಸು ಎಂದು ತಿರುಗಿದ್ದ. ಪ್ರಿಯಂವದಾಳನ್ನು ದಿನಾ ಫೋನಿನಲ್ಲಿ ಮಾತಾಡಿಸಿದ್ದ. ಅದೊಂದನ್ನು ಅವನೂ ಕೇಳಿರಲಿಲ್ಲ.

"ಉಸಿರು ಹಗರಾಗೇತಿ," ಅಂದಳು ದಾನವ್ವ. "ದಿನಾ ಡ್ಯೂಟಿ ಮುಗಿಸಿ ಹೋಗಿ ನೋಡಿ ಬರ್ತೇನಿ. ಆದ್ರ ಇನ್ನ ಕಾರು ಹತ್ತಾಂಗಿಲ್ಲ ಅಂತಾರ, ನಡುದಾರ್ಯಾಗ ಸಾಯೂದು ಬ್ಯಾಡಂತ."

ಅವಳು ಇಬ್ಬರಿಗೂ ಸೇರಿಸಿ ಹೇಳಿದ್ದಳು. ಠಾಣೆ ಬರುವವರೆಗೂ ಇಬ್ಬರು ಗಂಡಸರೂ ತಲೆ ಎತ್ತಲಿಲ್ಲ.