ಹೊರರಾಜ್ಯದವಳ ಪರವಾನಗಿ

ಪಿಕಪ್ ಗಾಡಿಯ ಎಂಜಿನ್ ಇನ್ನೂ ಓಡುತ್ತಿತ್ತು.

ಬಿಟರ್ ವೆಲ್ ಊರಿಗೆ ಸ್ವಲ್ಪ ಮೊದಲು, ಉಪ್ಪಿನ ಬಯಲಿನ ಅಂಚಿನಲ್ಲಿ, ರಸ್ತೆಯಿಂದ ಇಳಿದು ನಿಂತಿದ್ದ ಆ ಬಿಳಿ ಗಾಡಿ ಯಾರದೆಂದು ನನಗೆ ದೂರದಿಂದಲೇ ಗೊತ್ತಾಯಿತು. ದನದ ಡಾಕ್ಟರ್ ಕೊರಿನ್ ವೆಲ್ಡನ್. ಯಾವುದೋ ತಪ್ಪಿಸಿಕೊಂಡ ಕರು ಕಣ್ಣಿಗೆ ಬಿದ್ದಿರಬೇಕು, ಇಳಿದು ಹೋಗಿದ್ದಾಳೆ ಎಂದುಕೊಂಡೆ. ಹತ್ತಿರ ಹೋದೆ. ಅವಳು ಎಲ್ಲಿಗೂ ಇಳಿದು ಹೋಗಿರಲಿಲ್ಲ.

ಸ್ಟೀರಿಂಗ್ ಮೇಲೆ ತಲೆ ಇಟ್ಟಿದ್ದಳು. ಅವಳು ಕೂತ ಕಡೆಯ, ಎಡಗಡೆಯ ಗಾಜು ಪೂರ್ತಿ ಕೆಳಗಿತ್ತು. ಗುಂಡು ಅದೇ ಕಡೆಯಿಂದ, ಕಿವಿಯ ಕೆಳಗೆ ಹೊಕ್ಕಿತ್ತು.

ನಾನು ಲೈಲ್. ಶೆರಿಫ್ ಕಚೇರಿಯಲ್ಲಿ ಡೆಪ್ಯುಟಿ. ನೆವಾಡಾದ ಈ ಮೂಲೆಯಲ್ಲಿ ಸತ್ತವರನ್ನು ನೋಡುವುದು ಹೊಸದಲ್ಲ. ಆದರೆ ಹಿಂದಿನ ವಾರವಷ್ಟೇ ನನ್ನ ನಾಯಿಯ ಕಾಲಿಗೆ ಹೊಲಿಗೆ ಹಾಕಿ, ‘ಇವನಿಗೆ ನಿನಗಿಂತ ಬುದ್ಧಿ ಜಾಸ್ತಿ’ ಎಂದು ನಕ್ಕವಳನ್ನು ಹಾಗೆ ನೋಡುವುದು ಬೇರೆ. ಎಂಜಿನ್ ಆರಿಸಲೂ ನನ್ನ ಕೈ ಏಳಲಿಲ್ಲ.

ಪತ್ತೇದಾರಿ ಮೈಟೆ ಒಲಾಬೆ ಬಂದಾಗ ಗಾಳಿ ಎದ್ದಿತ್ತು. ಮೈಟೆಯ ಅಜ್ಜ ಸ್ಪೇನಿನ ಬೆಟ್ಟಗಳಿಂದ ಕುರಿ ಕಾಯಲು ಬಂದವನಂತೆ. ಮೊಮ್ಮಗಳಿಗೂ ಅದೇ ನಿಧಾನ. ಗಾಡಿಯ ಸುತ್ತ ಒಂದು ಸುತ್ತು ಬಂದಳು. ಗಾಜು ಇಳಿದ ಕಡೆಯಿಂದ ಒಳಗೆ ಇಣುಕಿದಳು.

“ಪಕ್ಕದ ಸೀಟಲ್ಲೂ ರಕ್ತ ಇದೆ” ಎಂದಳು ಕೊನೆಗೆ.

“ಗುಂಡು ಬಿದ್ದ ಕೂಡಲೇ ಆ ಕಡೆ ವಾಲಿರಬೇಕು.”

“ಮತ್ತೆ ಎದ್ದು ಕೂತು ಸ್ಟೀರಿಂಗ್ ಮೇಲೆ ತಲೆ ಇಟ್ಟಳಾ?”

“ಜೀವ ಹೋಗೋವಾಗ ಮನುಷ್ಯ ಏನೇನೋ ಮಾಡ್ತಾನೆ ಮೇಡಂ.”

ಮೈಟೆ ಕೈಗವಸು ಹಾಕಿಕೊಂಡಳು. ಕೊರಿನ್‌ಳ ಕೋಟಿನ ಜೇಬಿನಿಂದ ಬ್ಯಾಂಡೇಜು ಬಟ್ಟೆಯಲ್ಲಿ ಸುತ್ತಿದ್ದ ಏನನ್ನೋ ತೆಗೆದಳು. ಚಪ್ಪಟೆಯಾದ ಸೀಸದ ಉಂಡೆ. ಅದಕ್ಕೆ ಕಂದು ಬಣ್ಣದ ಒಂದೆರಡು ಒರಟು ಕೂದಲು ಅಂಟಿತ್ತು.

“ಯಾವುದೋ ಪ್ರಾಣಿಯಿಂದ ತೆಗೆದ ಗುಂಡು” ಎಂದೆ. “ಅವಳ ಕೆಲಸವೇ ಅದಲ್ಲವಾ?”

“ಅವಳ ಪಿಸ್ತೂಲು ಎಲ್ಲಿ?”

ಪಿಸ್ತೂಲು ಗಾಡಿಯ ಹಿಂಭಾಗದಲ್ಲಿ, ಔಷಧಿ ಇಡುವ ಕಬ್ಬಿಣದ ಪೆಟ್ಟಿಗೆಯಲ್ಲಿ ಸಿಕ್ಕಿತು. ಪೆಟ್ಟಿಗೆಗೆ ಬೀಗ. ಪಿಸ್ತೂಲು ಖಾಲಿ. ಗುಂಡುಗಳು ಬೇರೆ ಡಬ್ಬಿಯಲ್ಲಿ.

ಯಾವ ಪಿಸ್ತೂಲಿಗಾಗಿ ಅವಳು ಅಷ್ಟು ಒದ್ದಾಡಿದಳೋ ಅದೇ ಅವಳ ಕೈಗೆ ಸಿಗದೆ ಹೋಯಿತಲ್ಲ! ಕೊರಿನ್ ವಾಸವಿದ್ದದ್ದು ಗಡಿಯಾಚೆ, ಕ್ಯಾಲಿಫೋರ್ನಿಯಾದಲ್ಲಿ. ಮುಕ್ಕಾಲು ಪಾಲು ಕೆಲಸ ಈಚೆ, ನಮ್ಮಲ್ಲಿ. ಅವಳು ಬಿಟ್ಟುಬಂದ ಗಂಡ ಡಾರ್ಲ್ ಪಿಕೆಟ್ ಕೂಡ ನಮ್ಮಲ್ಲೇ. ಅವನು ಅವಳನ್ನು ಎರಡು ಸಲ ರಸ್ತೆಯಲ್ಲಿ ಅಡ್ಡಗಟ್ಟಿದ್ದ. ಬಟ್ಟೆಯೊಳಗೆ ಪಿಸ್ತೂಲು ಇಟ್ಟುಕೊಂಡು ಓಡಾಡುವ ಪರವಾನಗಿ ಅವಳಿಗೆ ಆಚೆ ಕಡೆ ಸಿಗಲಿಲ್ಲ. ನಮ್ಮಲ್ಲಿ ಹೊರರಾಜ್ಯದವರಿಗೂ ಕೊಡುತ್ತೇವೆ. ಆದರೆ ಇಲ್ಲಿಗೇ ಬಂದು ತರಗತಿಯಲ್ಲಿ ಕೂರಬೇಕು, ಗುರಿ ಇಟ್ಟು ತೋರಿಸಬೇಕು, ಬೆರಳಚ್ಚು ಕೊಡಬೇಕು, ಆಮೇಲೆ ಕಾಯಬೇಕು. ಎಲ್ಲಾ ಮಾಡಿದಳು.

ಆ ತರಗತಿ ತೆಗೆದುಕೊಂಡವನು ನಾನೇ. ಅವಳ ಪ್ರಶ್ನೆಗಳಿಗೆ ಎಲ್ಲರೂ ನಗುತ್ತಿದ್ದರು.

“ಗಡಿ ಅಂದ್ರೆ ರಸ್ತೆ ಮೇಲೆ ಸರಿಯಾಗಿ ಎಲ್ಲಿ? ಬೋರ್ಡಿನ ಹತ್ತಿರವಾ, ಅದಕ್ಕೂ ಮುಂಚೆಯಾ?”

“ಬೋರ್ಡು ಅಂತಲೇ ಇಟ್ಕೊಳ್ಳಿ ಡಾಕ್ಟ್ರೇ. ಅದರಾಚೆ ನಮ್ಮ ಪರವಾನಗಿ ನಡೆಯಲ್ಲ. ಪಿಸ್ತೂಲು ಖಾಲಿ ಮಾಡಿ, ಬೀಗ ಹಾಕಿಡಬೇಕು.”

“ಒಂದು ಹೆಜ್ಜೆ ಆಚೆಗಿದ್ರೂ?”

“ಒಂದು ಹೆಜ್ಜೆ ಆಚೆಗೆ ನೀವು ಅಪರಾಧಿ.”

ಅವಳು ನಗಲಿಲ್ಲ. “ಹಾಗಾದ್ರೆ ನನ್ನ ಧೈರ್ಯ ಒಂದು ಬೋರ್ಡಿನವರೆಗೆ ಮಾತ್ರ” ಎಂದಿದ್ದಳು.

ಡಾರ್ಲ್‌ನ ಟ್ರೇಲರ್ ಮನೆ ಗಾಡಿ ನಿಂತಿದ್ದ ಜಾಗದಿಂದ ಕಾಣುತ್ತಿತ್ತು. ಅವನನ್ನು ಹಾಸಿಗೆಯಿಂದಲೇ ಎಬ್ಬಿಸಿ ತಂದೆವು. ಬಾಯಿಂದ ರಾತ್ರಿಯ ವಿಸ್ಕಿ ನಾರುತ್ತಿತ್ತು.

“ಬೆಳಿಗ್ಗೆ ಎಲ್ಲಿದ್ದೆ?” ಮೈಟೆ ಕೇಳಿದಳು.

“ಮಲಗಿದ್ದೆ.”

“ಯಾರು ನೋಡಿದ್ದಾರೆ?”

“ನಾನು ಮಲಗೋದನ್ನ ನೋಡೋಕೆ ಇದ್ದವಳು ಒಬ್ಬಳೇ. ಅವಳೂ ಬಿಟ್ಟು ಹೋದಳಲ್ಲ?”

“ಅವಳು ಸತ್ತಿದ್ದಾಳೆ ಡಾರ್ಲ್.”

ಅವನ ಮುಖ ನಿಧಾನವಾಗಿ ಕುಸಿಯಿತು. ಆಮೇಲೆ ಸಿಟ್ಟು ಬಂತು. “ನಾನೇ ಅಂತ ಆಗಲೇ ತೀರ್ಮಾನ ಮಾಡಿಬಿಟ್ರಾ? ಹೂಂ, ಹೊಡೆದಿದ್ದೀನಿ. ಅಡ್ಡಗಟ್ಟಿದ್ದೀನಿ. ಕೊಂದಿಲ್ಲ! ಅವಳ ಸೊಂಟಕ್ಕೆ ಪಿಸ್ತೂಲು ಬಂದ ಮೇಲೆ ನಾನು ಅವಳ ಗಾಡಿ ಹತ್ರ ಕೂಡ ಸುಳಿದಿಲ್ಲ. ಒಂದು ಸಲ ಹೋಗಿದ್ದೆ. ಕೋಟು ಸರಿಸಿ ತೋರಿಸಿದಳು. ಸಾಕಾಯ್ತು ನನಗೆ.”

“ಯಾವಾಗಲೂ ಸೊಂಟದಲ್ಲೇ ಇರ್ತಿತ್ತಾ?”

“ಸ್ನಾನ ಮಾಡುವಾಗಲೂ ಇಟ್ಕೋತಿದ್ದಳೇನೋ, ನನಗೇನು ಗೊತ್ತು!”

ಸಂಜೆಯೊಳಗೆ ಊರೆಲ್ಲ ತೀರ್ಪು ಕೊಟ್ಟಾಗಿತ್ತು. ಕಚೇರಿಯ ಮುಂದೆ ಗಾಡಿಗಳು ಬಂದು ನಿಂತವು. ಯಾರೂ ಕೂಗಾಡಲಿಲ್ಲ. ಸುಮ್ಮನೆ ನಿಂತಿದ್ದರು — ಅದೇ ನನಗೆ ಹೆಚ್ಚು ಭಯ ಹುಟ್ಟಿಸಿತು. ಅವರಲ್ಲಿ ಎದ್ದು ಕಾಣುತ್ತಿದ್ದವನು ಎಮ್ಮರಿ ಗ್ಯಾಡಿಸ್. ಗಡಿಯಾಚೆ, ಬೋರ್ಡಿಗೆ ಎಲ್ಲರಿಗಿಂತ ಹತ್ತಿರದ ರ್‍ಯಾಂಚು ಅವನದು. ಸಾವಿರಾರು ಎಕರೆ ಹುಲ್ಲುಗಾವಲು. ಕೊರಿನ್‌ಳನ್ನು ಈ ಸೀಮೆಗೆ ಕರೆತಂದವನೇ ಅವನು. ಒಳಗೆ ಬಂದು ಟೋಪಿ ತೆಗೆದು ಕೂತ. ಕಣ್ಣು ಕೆಂಪಾಗಿತ್ತು.

“ಪರವಾನಗಿ ತಗೋ ಅಂತ ಹೇಳಿದ್ದೇ ನಾನು ಕಣಮ್ಮ” ಎಂದ. “ಆಚೆ ಸಿಗಲ್ಲ, ಈಚೆ ಕೊಡ್ತಾರೆ, ಹೋಗು ಅಂದೆ. ಏನುಪಯೋಗ ಆಯ್ತು?”

“ಇವತ್ತು ಅವಳು ನಿಮ್ಮ ಕಡೆ ಬಂದಿದ್ದಳಾ?” ಮೈಟೆ ಕೇಳಿದಳು.

“ಇಲ್ಲ. ಮನೆಯಿಂದ ನೇರ ಈ ಕಡೆಗೇ ಬಂದಿರಬೇಕು. ನನ್ನ ಗೇಟಿನ ಮುಂದೆಯೇ ಹಾದು ಹೋಗಿರ್ತಾಳೆ, ಪಾಪ. ನಾನು ಕೊಟ್ಟಿಗೆಯಲ್ಲಿದ್ದೆ.”

“ಆ ಕಾಡುಕುದುರೆಗಳ ವಿಚಾರ ಏನಾದ್ರೂ ಹೇಳಿದ್ದಳಾ?”

ಬೇಸಿಗೆಯಿಂದ ಬುಗ್ಗೆಯ ನೀರಿನ ಹತ್ತಿರ ಕಾಡುಕುದುರೆಗಳು ಸತ್ತು ಬೀಳುತ್ತಿದ್ದವು. ಯಾರೋ ದೂರದಿಂದ ಗುಂಡು ಹೊಡೆಯುತ್ತಿದ್ದರು. ಕೊಂದವರು ಸಿಕ್ಕರೆ ಜೈಲು. ದನ ಸಾಕುವವರಾದರೆ, ಮೇಯಿಸಲು ಪಡೆದ ಸರ್ಕಾರಿ ಹುಲ್ಲುಗಾವಲಿನ ಗುತ್ತಿಗೆಯೂ ಹೋಗುತ್ತದೆ.

“ಎಲ್ಲರ ಹತ್ರವೂ ಹೇಳ್ತಿದ್ದಳು” ಎಂದ ಎಮ್ಮರಿ. “ಪೋಲಿ ಹುಡುಗರ ಕೆಲಸ ಅದು. ಈಗ ಕುದುರೆ ಮಾತು ಯಾಕೆ? ಕೊಲೆಗಡುಕ ನಿಮ್ಮ ಕೋಣೆಯಲ್ಲೇ ಕೂತಿದ್ದಾನಲ್ಲ?”

ಮರುದಿನ ಬೆಳಿಗ್ಗೆ ಮೈಟೆ ನನ್ನನ್ನು ಗಡಿಗೆ ಕರೆದುಕೊಂಡು ಹೋದಳು. ಬೋರ್ಡಿನ ಪಕ್ಕದಲ್ಲೇ ನೆಲ್ಡಾಳ ಅಂಗಡಿ. ಪೆಟ್ರೋಲು, ಕಾಫಿ, ಒಣಮಾಂಸ, ಊರ ಸುದ್ದಿ — ನಾಲ್ಕೂ ಸಿಗುತ್ತವೆ.

“ನಿನ್ನೆ ಡಾಕ್ಟರ್ ಗಾಡಿ ನೋಡಿದ್ಯಾ ನೆಲ್ಡಾ?”

“ನೋಡಿದೆ. ಅಂಗಡಿ ತೆರೆದ ಸ್ವಲ್ಪ ಹೊತ್ತಿಗೆ ಹೋಯ್ತು. ನೋಡಿ ಬೇಜಾರಾಯ್ತು ಕೂಡ.”

“ಯಾಕೆ?”

“ಕಾಫಿ ಹಾಕಿಟ್ಟಿದ್ದೆ. ನಿಲ್ಲಿಸಲೇ ಇಲ್ಲ! ಕೈ ಕೂಡ ಬೀಸಲಿಲ್ಲ. ಏನು ಇವಳಿಗೆ ಸೊಕ್ಕು ಬಂತಾ ಅಂತ ಬೈದುಕೊಂಡೆ. ಸತ್ತವಳನ್ನ ಬೈದೆನಲ್ಲ, ನನ್ನ ನಾಲಿಗೆ ಸೀದು ಹೋಗ!” ಅವಳು ಒದ್ದೆಯಾದ ಕಣ್ಣು ಒರೆಸಿಕೊಂಡಳು.

“ಒಳಗೆ ಅವಳೇ ಇದ್ದಳಾ?”

“ಇನ್ಯಾರು ಇರ್ತಾರೆ? ಎದುರು ಬಿಸಿಲು, ಗಾಜೆಲ್ಲ ಬೆಂಕಿ ಥರ ಹೊಳೀತಿತ್ತು. ಗಾಡಿ ಅವಳದೇ.”

ಮೈಟೆ ಬೋರ್ಡಿನ ಕಡೆ ನೋಡುತ್ತ ನಿಂತಳು. ಆಮೇಲೆ ಕೇಳಿದಳು, “ದಿನಾ ಇಲ್ಲಿ ನಿಲ್ಲಿಸಿ ಏನು ಮಾಡ್ತಿದ್ದಳು? ಕಾಫಿ ಮಾತ್ರಾನಾ?”

“ಅಯ್ಯೋ, ಮೊದಲು ಪಿಸ್ತೂಲು! ಹಿಂದಿನ ಪೆಟ್ಟಿಗೆಯಿಂದ ತೆಗೆದು ನನ್ನ ಹಿಂದಿನ ಕೋಣೆಗೆ ಬರೋಳು. ತುಂಬಿಸಿ ಸೊಂಟಕ್ಕೆ ಕಟ್ಟಿ, ಮೇಲೆ ಕೋಟು. ಸಂಜೆ ವಾಪಸ್ ಹೋಗುವಾಗ ಬಿಚ್ಚಿ ಬೀಗ ಹಾಕೋಳು. ಒಂದು ದಿನ ತಪ್ಪಿಸಿಲ್ಲ. ‘ನಿನಗೆ ಹುಚ್ಚು ಕಣೇ, ಯಾರು ನೋಡ್ತಾರೆ’ ಅಂತ ರೇಗಿಸ್ತಿದ್ದೆ. ಪರವಾನಗಿ ಕಿತ್ಕೊಂಡ್ರೆ ಮತ್ತೆ ಕೊಡಲ್ಲ ಅಂತಿದ್ದಳು.”

ಮೈಟೆ ನನ್ನ ಕಡೆ ತಿರುಗಿದಳು. ಅವಳ ಮುಖದಲ್ಲಿ ಸಂತೋಷವಿರಲಿಲ್ಲ.

“ಲೈಲ್, ಆಚೆ ಕಡೆಯ ಪೊಲೀಸರಿಗೆ ಫೋನ್ ಮಾಡು. ಎಮ್ಮರಿ ಗ್ಯಾಡಿಸ್‌ನ ರ್‍ಯಾಂಚಿಗೆ ಹೋಗಬೇಕು. ಅಲ್ಲಿ ನನಗೆ ಅಧಿಕಾರ ಇಲ್ಲ.”

ಕ್ಯಾಲಿಫೋರ್ನಿಯಾದ ಸಾರ್ಜೆಂಟ್ ಓರ್ಟಿಸ್ ಶೋಧನೆಗೆ ಬೇಕಾದ ಅಪ್ಪಣೆ ಪಡೆದು ಬರುವ ಹೊತ್ತಿಗೆ ಮಧ್ಯಾಹ್ನ ಕಳೆದಿತ್ತು. ಅವನ ಜನ ಕೊಟ್ಟಿಗೆ, ಮನೆ, ಬಾವಿ ಎಲ್ಲ ಜಾಲಾಡತೊಡಗಿದರು. ಎಮ್ಮರಿ ಬೇಲಿಗೆ ಒರಗಿ ನಿಂತಿದ್ದ. ದನಗಳು ಯಾಕೋ ಒಂದೇ ಮೂಲೆಗೆ ಸೇರಿ ನಮ್ಮನ್ನೇ ನೋಡುತ್ತಿದ್ದವು.

“ಏನು ಹುಡುಕ್ತಿದೀರಿ?” ಎಂದ.

“ಕೊರಿನ್ ಸತ್ತ ಜಾಗ” ಎಂದಳು ಮೈಟೆ.

“ಅದು ನಿಮ್ಮ ಕಡೆ ಇದೆ.”

“ನಾವೆಲ್ಲ ಹಾಗೇ ಅಂದುಕೊಂಡ್ವಿ. ಒಂದು ಮಾತು ಹೇಳಿ ಎಮ್ಮರಿ — ನೀವು ಅವಳಾಗಿದ್ದಿದ್ರೆ, ಡಾರ್ಲ್‌ನ ಮನೆ ಮುಂದೆ ಹೋಗುವಾಗ ಪಿಸ್ತೂಲು ಎಲ್ಲಿಟ್ಕೋತಿದ್ರಿ?”

“ಕೈಯಲ್ಲಿ.”

“ಅವಳೂ ಅಷ್ಟೇ. ಆ ಒಂದು ರಸ್ತೆಗಾಗಿಯೇ ಅವಳು ಪರವಾನಗಿ ತಗೊಂಡಿದ್ದು. ದಿನಾ ಬೋರ್ಡಿನ ಹತ್ತಿರ ನಿಲ್ಲಿಸಿ ಕಟ್ಟಿಕೊಳ್ತಿದ್ದಳು. ನಿನ್ನೆ ಮಾತ್ರ ಗಾಡಿ ನಿಲ್ಲಲಿಲ್ಲ. ಪಿಸ್ತೂಲು ಬೀಗದೊಳಗೇ ಇತ್ತು.”

“ಮರೆತಿರಬೇಕು.”

“ಉಸಿರಾಡೋದು ಮರೀತಾರಾ? ಅವಳು ಮರೀಲಿಲ್ಲ. ಬೋರ್ಡು ದಾಟುವಾಗ ಅವಳಿಗೆ ಜೀವ ಇರಲಿಲ್ಲ. ಪಕ್ಕದ ಸೀಟಿನಲ್ಲಿ ಬಿದ್ದಿದ್ದಳು. ಅಲ್ಲಿನ ರಕ್ತ ಅದೇ. ಗಾಡಿ ಓಡಿಸಿದವನು ಬೇರೆ. ಡಾರ್ಲ್‌ನ ಮನೆ ಕಾಣೋ ಕಡೆ ನಿಲ್ಲಿಸಿ, ಅವಳನ್ನ ಮತ್ತೆ ಸ್ಟೀರಿಂಗ್ ಮುಂದೆ ಕೂರಿಸಿ, ನಡೆದುಕೊಂಡು ವಾಪಸ್ ಬಂದ.”

“ಅಷ್ಟು ದೂರ ಯಾರು ನಡೀತಾರೆ?”

“ರಸ್ತೆ ಉಪ್ಪಿನ ಬಯಲು ಸುತ್ತಿ ಬರ್ತದೆ. ಈ ಗುಡ್ಡ ಹತ್ತಿ ಇಳಿದ್ರೆ ಅರ್ಧದಷ್ಟೂ ಇಲ್ಲ. ಗುಡ್ಡದಿಂದ ಈಚೆ ಇಳಿಯೋದು ನೇರ ನಿಮ್ಮ ಕೊಟ್ಟಿಗೆಗೆ.” ಮೈಟೆಯ ದನಿ ಏರಲಿಲ್ಲ. “ಅವಳ ಮನೆಗೂ ಬೋರ್ಡಿಗೂ ನಡುವೆ ಈ ರಸ್ತೆಯಲ್ಲಿ ಇರೋ ಗೇಟು ಒಂದೇ, ಎಮ್ಮರಿ. ಅವಳು ಸಾಯೋದಕ್ಕೆ ಬೇರೆ ಜಾಗವೇ ಇರಲಿಲ್ಲ.”

ಎಮ್ಮರಿ ಗುಡ್ಡದ ಕಡೆ ನೋಡಿದ.

“ಅವಳ ಜೇಬಿನಲ್ಲಿ ಒಂದು ಗುಂಡು ಸಿಕ್ತು. ಕುದುರೆಯ ಮೈಯಿಂದ ತೆಗೆದದ್ದು. ಯಾರ ಬಂದೂಕಿನದು ಅಂತ ಅವಳಿಗೆ ಅನುಮಾನ ಬಂದಿತ್ತು. ನಿಮ್ಮನ್ನ ಕೇಳದೆ ದೂರು ಕೊಡಬಾರದು ಅಂತ ಬಂದಳು. ಅಲ್ವಾ?”

ಆಗ ಬಾವಿಯ ಕಡೆಯಿಂದ ಓರ್ಟಿಸ್‌ನ ಕೂಗು ಕೇಳಿಸಿತು. ಅವನ ಕೈಯ ಕೊಕ್ಕೆಗೆ ಒದ್ದೆ ಗೋಣಿಚೀಲ ಸಿಕ್ಕಿತ್ತು. ಒಳಗೆ ಒಂದು ರಿವಾಲ್ವರ್, ಒಂದು ರೈಫಲ್.

ಎಮ್ಮರಿ ಬೇಲಿಯ ಕಂಬ ಹಿಡಿದುಕೊಂಡ. “ಗಾಡಿಯಿಂದ ಇಳಿಯಲೂ ಇಲ್ಲ ಅವಳು” ಎಂದ. “ಗಾಜು ಇಳಿಸಿ ಕೇಳಿದಳು. ‘ನೀನೇ ಹೋಗಿ ಒಪ್ಪಿಕೋ, ನಾನೂ ಜೊತೆಗೆ ಬರ್ತೀನಿ’ ಅಂದಳು. ಆ ಕುದುರೆಗಳು ನನ್ನ ದನದ ನೀರೆಲ್ಲ ಕುಡಿದು ಹೋಗ್ತಿದ್ವು. ಗುತ್ತಿಗೆ ಹೋದ್ರೆ ನಾನೇನು, ನಮ್ಮಪ್ಪನೇನು, ಎಲ್ಲ ಮಣ್ಣು. ಒಂದು ನಿಮಿಷ ಇರು, ಟೋಪಿ ತರ್ತೀನಿ ಅಂದೆ.”

“ಟೋಪಿ ತಂದ್ರಾ?”

ಅವನು ಇಲ್ಲವೆಂದು ತಲೆ ಅಲ್ಲಾಡಿಸಿದ.

“ಅವಳ ಹತ್ರ ಪಿಸ್ತೂಲು ಇದೆ ಅಂತ ಹೆದರಿಕೆ ಆಗಲಿಲ್ವಾ?” ನಾನು ತಡೆಯಲಾರದೆ ಕೇಳಿಬಿಟ್ಟೆ.

ಎಮ್ಮರಿ ನನ್ನನ್ನು ಮೊದಲ ಸಲ ನೋಡುವವನಂತೆ ನೋಡಿದ. “ಈ ಕಡೆ ಅವಳು ಬರಿಗೈ ಅಂತ ಗೊತ್ತಿತ್ತಲ್ಲಪ್ಪ. ಕಾನೂನು ಮೀರೋಳಲ್ಲ ಅವಳು.”

“ಅಷ್ಟು ಗೊತ್ತಿದ್ದವರು ಆಚೆ ಕಡೆ ಅದು ಸೊಂಟದಲ್ಲಿ ಇರಬೇಕಿತ್ತು ಅನ್ನೋದನ್ನ ಮರೆತ್ರಿ” ಎಂದಳು ಮೈಟೆ. “ಹೆಣ ದಾಟಿಸಿದ್ರಿ. ಪಿಸ್ತೂಲು ಈ ಕಡೆಯ ಕಾನೂನಿನಲ್ಲೇ ಉಳಿದುಬಿಡ್ತು.”

ಓರ್ಟಿಸ್ ಅವನಿಗೆ ಬೇಡಿ ಹಾಕಿದ. ಮೈಟೆಯೂ ನಾನೂ ಬೋರ್ಡು ದಾಟಿ ವಾಪಸಾದೆವು.

ಡಾರ್ಲ್‌ನನ್ನು ಬಿಡುಗಡೆ ಮಾಡುವ ಹೊತ್ತಿಗೆ ಬಿಸಿಲು ಇಳಿಯುತ್ತಿತ್ತು. ಬೀದಿ ಖಾಲಿ. ನಿನ್ನೆ ಅವನಿಗಾಗಿ ಕಾದು ನಿಂತಿದ್ದವರು ಒಬ್ಬರೂ ಇರಲಿಲ್ಲ. ಬೆಲ್ಟು ಏರಿಸಿಕೊಳ್ಳುತ್ತ ಅವನು ಮೈಟೆಯ ಮುಂದೆ ಬಂದು ನಿಂತ. ತುಟಿಯಲ್ಲಿ ಒಂದು ಥರದ ಗೆಲುವು.

“ನೋಡಿದ್ರಾ ಮೇಡಂ? ನನಗೆ ಹೆದರಿ ಸೊಂಟಕ್ಕೆ ಪಿಸ್ತೂಲು ಕಟ್ಟಿದಳು. ಹೆದರಬೇಕಿದ್ದವನು ಪಕ್ಕದಲ್ಲೇ ಇದ್ದ. ನನ್ನ ವಿಚಾರದಲ್ಲಿ ಅವಳದು ತಪ್ಪು ಅಂತ ಈಗಲಾದ್ರೂ ಒಪ್ಪಿಕೊಳ್ಳಿ.”

ಮೈಟೆ ಬಾಗಿಲು ತೆರೆದು ಹಿಡಿದಿದ್ದಳು.

“ಅವಳಿಗೆ ನಿನ್ನ ವಿಚಾರದಲ್ಲಿ ತಪ್ಪಾಗಿರಲಿಲ್ಲ ಡಾರ್ಲ್” ಎಂದಳು. “ಇನ್ನೊಬ್ಬನ ವಿಚಾರದಲ್ಲಿ ತಪ್ಪಾಯ್ತು, ಅಷ್ಟೇ. ನಡಿ ಇಲ್ಲಿಂದ.”

ಅವನು ಹೋದ. ಬೀದಿಯ ಕೊನೆಯಲ್ಲಿ ಒಬ್ಬ ಹೆಂಗಸು ಅವನು ಬರುವುದನ್ನು ಕಂಡು ಎದುರಿನ ಬದಿಗೆ ದಾಟಿಕೊಂಡಳು. ಅವನು ನಿಂತು, ಅವಳು ಮರೆಯಾಗುವವರೆಗೂ ತಿರುಗಿ ನೋಡುತ್ತಲೇ ಇದ್ದ.